ತನ್ನ ಗೋರಿಯ ಹುಲ್ಲು ಕೊಯ್ದವನು

ಗಾಲ್‌ಮೆ ಹಳ್ಳಿ, ಜೆಜು ದ್ವೀಪ
ಏಳನೆಯ ತಿಂಗಳು, ಹುಣ್ಣಿಮೆ ಕಳೆದ ಮೂರನೆಯ ದಿನ

ಪ್ರೀತಿಯ ಮಗಳು ಇನ್‌ಸುಕ್‌ಗೆ,

ಆಶೀರ್ವಾದವನ್ನು ಪತ್ರದ ಕೊನೆಗೆ ಇಟ್ಟುಕೊಂಡಿದ್ದೇನೆ. ಮೊದಲು ಬೈದು ಮುಗಿಸುತ್ತೇನೆ. ಫೋನಿನಲ್ಲಿ ಬೈದರೆ ನೀನು "ಅಮ್ಮಾ, ಕ್ಲಾಸಿಗೆ ಹೊತ್ತಾಯ್ತು" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಇಟ್ಟರೂ ಅದು ಮೇಜಿನ ಮೇಲೆ ಬಿದ್ದುಕೊಂಡು ನಿನ್ನನ್ನೇ ನೋಡುತ್ತಿರುತ್ತದೆ. ನನ್ನ ಅಕ್ಷರ ಏಡಿ ನಡೆದ ಹಾಗಿದೆ ಎಂದು ನಗಬೇಡ. ನಾನು ಹಳ್ಳಿಯ ಶಾಲೆಗೆ ಹೋದದ್ದು ಎರಡು ಚಳಿಗಾಲ, ಅದೂ ಕಡಲು ಕೆಟ್ಟು ಚಿಪ್ಪಿಗೆ ಮುಳುಗಲು ಆಗದ ದಿನಗಳಲ್ಲಿ ಮಾತ್ರ. ನೀನು ಪಾಠ ಹೇಳುವವಳು; ಕೆಂಪು ಪೆನ್ನು ತೆಗೆದು ಇದನ್ನು ತಿದ್ದಲು ಕೂತರೆ ಇನ್ನೊಂದು ಪತ್ರ ಬರೆಯುತ್ತೇನೆ, ಅದು ಇದಕ್ಕಿಂತ ಉದ್ದ ಇರುತ್ತದೆ.

ನಿಮ್ಮಪ್ಪನನ್ನು ಊರಿಗೆ ಕರೆದುಕೊಂಡು ಬಾ. ಇಷ್ಟೇ ವಿಷಯ. ಮುಂದೆ ಬರೆಯುವುದೆಲ್ಲ ಇದರ ಬಾಲ.

ವಸಂತದಲ್ಲಿ ಬೂಸಾನಿನ ಆಸ್ಪತ್ರೆಯಲ್ಲಿ ಅವನು ಕಣ್ಣು ಮುಚ್ಚಿದ ಮೇಲೆ ನೀನು ಬೂದಿಯನ್ನು ಆ ಕಟ್ಟಡಕ್ಕೆ ತೆಗೆದುಕೊಂಡು ಹೋದೆ, ನಾನು ಬಾಯಿ ಬಿಡಲಿಲ್ಲ. ಅದನ್ನು ನೀವೆಲ್ಲ ಒಪ್ಪಿಗೆ ಎಂದುಕೊಂಡಿರಿ. ನಾನು ಸುಮ್ಮನಿದ್ದದ್ದು ಉಸಿರು ಕಟ್ಟಿದ್ದರಿಂದ. ಕಡಲ ತಳದಲ್ಲಿ ಉಸಿರು ಬಿಗಿಹಿಡಿದು ಚಿಪ್ಪು ಕೀಳುತ್ತಲೇ ಮುದುಕಿಯಾದವಳಿಗೆ ಆ ಕಟ್ಟಡದಲ್ಲಿ ಉಸಿರಾಡಲು ಆಗಲಿಲ್ಲ. ಗೋಡೆಯ ತುಂಬ ಗಾಜಿನ ಗೂಡುಗಳು, ಗೂಡಿಗೊಂದು ಬೂದಿಯ ಭರಣಿ, ಒಂದು ಫೋಟೋ, ಅಂಚೆ ಕಚೇರಿಯ ಪೆಟ್ಟಿಗೆಗಳ ಹಾಗೆ. ನಿಮ್ಮಪ್ಪ ಮೇಲಿನ ಸಾಲಿನಲ್ಲಿ. ಗಂಡನ ಮುಖ ನೋಡಬೇಕಾದರೆ ನಾನು ಕೊಕ್ಕರೆಯ ಹಾಗೆ ಕತ್ತೆತ್ತಿ ನಿಲ್ಲಬೇಕು. ಬದುಕಿದ್ದಾಗ ಅವನನ್ನು ನಾನು ಕತ್ತೆತ್ತಿ ನೋಡಿದವಳೇ ಅಲ್ಲ. ಅವನ ಎಡಕ್ಕೆ ಟೈ ಕಟ್ಟಿಕೊಂಡ ಯಾರೋ ಬ್ಯಾಂಕಿನ ಮ್ಯಾನೇಜರು. ಬಲಕ್ಕೆ ನಾಯಿಮರಿ ಎತ್ತಿಕೊಂಡ ಹೆಂಗಸು. ಸೂರಿನಿಂದ ಪಿಟೀಲಿನ ಸದ್ದು ಸುರಿಯುತ್ತಲೇ ಇರುತ್ತದೆ. ಒಂದು ಕಿಟಕಿಯೂ ಇಲ್ಲ. "ಬೇಸಿಗೇಲಿ ಎ.ಸಿ. ಇರತ್ತಮ್ಮಾ, ಚಳಿಗಾಲದಲ್ಲಿ ಹೀಟರ್ ಇರತ್ತೆ" ಎಂದೆ ನೀನು. ಬೂದಿಗೆ ಸೆಕೆ ಏನೇ? ಬಸ್ಸಿನಲ್ಲಿ ಕಿಟಕಿಯ ಸೀಟು ಸಿಗದಿದ್ದರೆ ಇಳಿದು ಮುಂದಿನ ಬಸ್ಸು ಕಾಯುತ್ತಿದ್ದ ಮನುಷ್ಯ. ಅವನನ್ನು ತೆಗೆದುಕೊಂಡು ಹೋಗಿ ಗೋಡೆಯೊಳಗೆ ಬೀಗ ಹಾಕಿದ್ದೀಯ.

ನೀನು ಯಾಕೆ ಹೀಗೆ ಮಾಡಿದೆ ಎಂದು ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ಸಾವಿನ ಮನೆಯ ಊಟದ ಹೊತ್ತಿನಲ್ಲಿ ಏನಾಯಿತು ಎಂಬುದನ್ನು ನಾನು ನೋಡಿದ್ದೇನೆ.

ಊರಿನಿಂದ ಒಂದು ಹಡಗು ಜನ ಬಂದಿದ್ದರು. ಅಷ್ಟು ಜನ ಯಾಕೆ ಬಂದರು? ನಿಮ್ಮಪ್ಪ ಹ್ಯೊನ್ ಗಿತೆಕ್ ಎಂದರೆ ಎಲ್ಲರಿಗೂ ಪ್ರಾಣ. ಊರಿಗೆಲ್ಲ ಪ್ರೀತಿಯವನಾದ ಗಂಡಸನ್ನು ಮದುವೆಯಾಗುವುದು ಎಂದರೆ ಊರಬಾವಿಯನ್ನು ಮನೆಯೊಳಗೆ ಕಟ್ಟಿಸಿಕೊಂಡ ಹಾಗೆ. ಬಂದವರೆಲ್ಲ ಸೇದಿಕೊಂಡು ಹೋಗುತ್ತಾರೆ, ನೆಲ ಒರೆಸುವವಳು ನಾನು. ನನ್ನ ಜೊತೆ ಮುಳುಗುವ ಮಾಲ್‌ನ್ಯೊ ಅತ್ತು ಅತ್ತು ಕಣ್ಣು ಬಾತುಕೊಂಡು ಬಂದಿದ್ದಳು. ನನ್ನ ಕಣ್ಣು ಒಣಗಿರುವುದನ್ನು ನೋಡಿ, "ಹೋಗಿರೋದು ಯಾರ ಗಂಡ ಅಕ್ಕಾ, ನಿನ್ನ ಗಂಡನೋ ನನ್ನ ಗಂಡನೋ?" ಎಂದಳು. "ನೀನೇ ಇಟ್ಕೋ, ಬಟ್ಟೆ ಒಗೆದು ಸಾಕಾಗಿದೆ" ಎಂದೆ ನಾನು.

ಆಮೇಲೆ ಕೆಂಪು ಸಾರು, ಸೋಜು ಹೆಂಡ ಮುಂದಿಟ್ಟುಕೊಂಡು ಕಥೆ ಶುರುವಾಯಿತು. ಮಂಜು ಮುಸುಕಿದ ದಿನ ಪಕ್ಕದ ನಡುಗಡ್ಡೆಯಿಂದ ಸೂಲಗಿತ್ತಿಯನ್ನು ತರಲು ಹೋಗಿ, ಹುಟ್ಟು ಮುರಿದು, ಅನ್ನದ ಮರದ ಸೌಟಿನಿಂದ ದೋಣಿ ಹೊಡೆದುಕೊಂಡು ಬಂದದ್ದು. ಸೌಟು ಯಾರದ್ದು ಎಂದು ಒಬ್ಬರೂ ಕೇಳಲಿಲ್ಲ. ನನ್ನದು. ಇವತ್ತಿಗೂ ಅದರ ತುದಿ ಒಡೆದಿದೆ. ಅರವತ್ತರ ಮೇಲೆ, ನಾಚಿಕೆ ಬಿಟ್ಟು, ದಕ್ಷಿಣ ಸಮುದ್ರದ ತುದಿಗೆ ಹೋಗುವ ಸ್ಕ್ವಿಡ್ ಮೀನಿನ ಹಡಗಿನಲ್ಲಿ ಅಡುಗೆಯವನಾಗಿ ಸೇರಿಕೊಂಡದ್ದು. ಅನ್ನ ಮಾಡಲು ಬಾರದವನು! ತಿರುಗಿ ಬರುವಾಗ ಊರಿನ ಮುಳುಗುವ ಹೆಂಗಸರಿಗೆಲ್ಲ ಒಂದೇ ಥರದ ಕೆಂಪು ಉಣ್ಣೆಯ ಟೊಪ್ಪಿಗೆ ತಂದದ್ದು. ನಾವೆಲ್ಲ ಅದನ್ನು ಹಾಕಿಕೊಂಡು ಸಂತೆಗೆ ಹೋದರೆ ಪಟ್ಟಣದವರು ಯಾವುದೋ ಹೊಸ ಮತಕ್ಕೆ ಸೇರಿದ್ದಾರೆ ಎಂದುಕೊಂಡದ್ದು. ಎಪ್ಪತ್ತು ದಾಟಿದ ಮೇಲೆ ಹಳೆಯ ಮೋಟಾರು ಸೈಕಲ್ ಕೊಂಡು, ನಿಲ್ಲಿಸುವುದು ಹೇಗೆಂದು ಕಲಿಯುವ ಮೊದಲೇ ಹೊರಟು, ದ್ವೀಪವನ್ನು ಪೂರ್ತಿ ಸುತ್ತಿ, ಎಣ್ಣೆ ಮುಗಿದಲ್ಲಿ ನಿಂತದ್ದು. ಎಲ್ಲ ನಿಜ. ಒಂದೂ ಸುಳ್ಳಲ್ಲ. ನನಗೆ ಸಿಟ್ಟು ಬರುವುದೂ ಅದಕ್ಕೇ. ಸುಳ್ಳಾಗಿದ್ದರೆ ಒಂದು ಮಾತು ಬೈದು ಮರೆಯಬಹುದಿತ್ತು.

ಕೊನೆಗೆ, ಎಲ್ಲರೂ ಕಾಯುತ್ತಿದ್ದ ಆ ಕಥೆಗೆ ಬಂದರು. ನಿಮ್ಮಪ್ಪನ ಅಣ್ಣನ ಮಗ ತೆಸು, ಈಗ ಮನೆತನಕ್ಕೆ ಹಿರಿಯ, ಗ್ಲಾಸು ಎತ್ತಿ ಹಿಡಿದು, "ನಮ್ ಚಿಕ್ಕಪ್ಪ ತನ್ನ ತಿಥಿ ಊಟಾನ ತಾನೇ ಬಂದು ಉಂಡ ಗಂಡು ಕಣ್ರೋ!" ಎಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನೀನು ತಟ್ಟೆಗಳನ್ನು ಹಿಡಿದು ನಿಂತಿದ್ದೆ. ತಟ್ಟೆ ಕೆಳಗಿಟ್ಟೆ. "ಅವರಿಗೆ ಅದು ಸಾಹಸ. ನನಗೆ ಸೂತಕ" ಎಂದೆ. ಅಷ್ಟು ಮೆಲ್ಲಗೆ ಹೇಳಿದರೂ ಕಡೆಯ ಮೇಜಿನವರಿಗೂ ಕೇಳಿಸಿತು. ಬೂದಿಯನ್ನು ಊರಿನ ಗೋರಿಗೆ ಒಯ್ಯುವ ಮಾತನ್ನು ತೆಸು ತೆಗೆದಾಗ ಇನ್ನೊಂದು ಮಾತು ಹೇಳಿದೆ: "ಅಲ್ಲಿ ಅವರನ್ನ ಒಂದ್ಸಲ ಹೂತಿದ್ದೀನಲ್ಲ ಅಣ್ಣಾ, ಸಾಲದಾ?"

ಸರಿ. ಹಾಗಾದರೆ ಆ ಕಥೆಯನ್ನು ನಾನೂ ಒಂದು ಸಲ ಹೇಳುತ್ತೇನೆ, ನಗು ತೆಗೆದು. ನಿನಗೆ ಆಗ ಎಂಟು ವರ್ಷ, ನಿನಗೆ ಗೊತ್ತಿರುವುದು ಅರ್ಧ.

ಆ ಹೇಮಂತದಲ್ಲಿ ಗಾಳಿಯ ಎಚ್ಚರಿಕೆ ಇದ್ದರೂ ಅವನು ಬೆಳ್ಳಿಮೀನಿಗೆ ಒಬ್ಬನೇ ಹೋದ. "ಹೋಗ್ಬೇಡ" ಎಂದೆ. "ಗಾಳಿ ಬರೋದ್ರೊಳಗೆ ಬರ್ತೀನಿ ಕಣೇ, ಗಾಳಿಗಿಂತ ನಾನು ಜೋರು" ಎಂದ. ನಾಲ್ಕನೆಯ ದಿನ ದೋಣಿಯ ಅರ್ಧ ಭಾಗ ಬಂದು ಬಂಡೆಗೆ ತಾಗಿತು. ಅವನು ಬರಲಿಲ್ಲ. ಹತ್ತು ದಿನವಾದರೂ ಹೆಣ ಬರಲಿಲ್ಲ. ಆಗ ಅತ್ತೆ, ನಿನ್ನ ಅಜ್ಜಿ, ಆತ್ಮ ಎತ್ತಿಸಬೇಕು, ಇಲ್ಲದಿದ್ದರೆ ಮಗ ನೀರಿನಲ್ಲಿ ನೆನೆಯುತ್ತಲೇ ಇರುತ್ತಾನೆ ಎಂದು ಹಟ ಹಿಡಿದರು. ಮೈಮೇಲೆ ದೇವರು ಬರುವ ದೇವರಮ್ಮನನ್ನು ಕರೆಸಿದರು. ಬಟ್ಟಲಿಗೆ ಅಕ್ಕಿ ತುಂಬಿ, ಬಿಳಿ ಬಟ್ಟೆ ಬಿಗಿದು, ಉದ್ದದ ಬಟ್ಟೆಯ ಹಗ್ಗದಲ್ಲಿ ಕಡಲಿಗೆ ಇಳಿಸಿದರು. ಮೇಲೆ ಎತ್ತಿ ಬಿಚ್ಚಿದಾಗ ಅಕ್ಕಿಯಲ್ಲಿ ಒಂದು ಕೂದಲು ಸಿಕ್ಕಿತು. "ಸಿಕ್ಕಿದ! ನನ್ನ ಮಗ ಸಿಕ್ಕಿದ!" ಎಂದು ಅತ್ತೆ ಎದೆ ಬಡಿದುಕೊಂಡರು. ನಾನು ನೋಡಿದೆ. ಕೂದಲು ನನ್ನ ಮೊಳಕೈಯಷ್ಟು ಉದ್ದ. ನಿಮ್ಮಪ್ಪನ ತಲೆಯೋ, ಸೈನ್ಯದಿಂದ ಬಂದಾಗಿನಿಂದ ತೆಂಗಿನ ಚಿಪ್ಪಿನ ಹಾಗೆ. "ಅತ್ತೇ, ಇದು ಉದ್ದ ಇದೆ" ಎಂದೆ. "ನೀರಲ್ಲಿ ಬೆಳೆದಿರತ್ತೆ! ನಿನಗೆ ಎಲ್ಲದಕ್ಕೂ ಬಾಯಿ" ಎಂದರು. ನಾನು ಬಾಯಿ ಮುಚ್ಚಿದೆ. ಮಗನ ಹೆಣವೂ ಸಿಗದ ತಾಯಿಗೆ ಒಂದು ಕೂದಲಾದರೂ ಇರಲಿ ಎಂದು.

ಆಮೇಲೆ ಅವನ ಹೊಸ ಉಣ್ಣೆಯ ಕೋಟನ್ನು ಗಾಳಿಗೆ ಬೀಸಿ ಕೂಗಬೇಕು, ಕೂಗುವವರು ಅವನ ರಕ್ತದವರಾಗಿರಬೇಕು. ನಿನ್ನನ್ನು ಬಂಡೆಯ ಮೇಲೆ ನಿಲ್ಲಿಸಿದರು. "ಅಪ್ಪಾ, ಬಾ" ಎಂದು ಮೂರು ಸಲ ಕೂಗಬೇಕಿತ್ತು. ಮೂರಕ್ಕೆ ನೀನು ನಿಲ್ಲಿಸಲಿಲ್ಲ. ಎಲ್ಲರೂ ಸಾಮಾನು ಕಟ್ಟಿಕೊಂಡು ಹೊರಟರೂ ನಿಲ್ಲಿಸಲಿಲ್ಲ. ನಾನು ನಿನ್ನನ್ನು ಸೊಂಟಕ್ಕೆ ಹಾಕಿಕೊಂಡು ಎತ್ತಿ ತಂದೆ. ಆಮೇಲೆ ಎಷ್ಟೋ ದಿನ ನಿನಗೆ ಗಂಟಲೇ ಇರಲಿಲ್ಲ.

ಆ ಕೋಟನ್ನು ಪೆಟ್ಟಿಗೆಯಲ್ಲಿಟ್ಟು ನಮ್ಮ ನವಣೆ ಹೊಲದ ಮೂಲೆಯಲ್ಲಿ ಹೂತರು. ಮೇಲೆ ಮಣ್ಣಿನ ದಿಬ್ಬ, ಸುತ್ತ ಕಪ್ಪು ಕಲ್ಲಿನ ಗೋಡೆ, ಸತ್ತವರ ಜೀವ ಓಡಾಡಲು ಗೋಡೆಯಲ್ಲಿ ಒಂದು ಕಂಡಿ, ಮುಂದೆ ಹೆಸರು ಕೆತ್ತಿದ ಕಲ್ಲು. ನೀನು ಸೆಣಬಿನ ಲಂಗ ಉಟ್ಟು, ಕೂದಲಿಗೆ ಬಿಳಿ ರಿಬ್ಬನ್ನಿನ ಪಿನ್ನು ಸಿಕ್ಕಿಸಿಕೊಂಡೆ. ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಅವನ ಫೋಟೋದ ಮುಂದೆ ಅನ್ನ ಇಟ್ಟು ಅಡ್ಡ ಬಿದ್ದೆ. ಉಳಿದ ಹುಡುಗಿಯರು ಈಜುವಾಗ ನೀನು ರಿಬ್ಬನ್ನು ನೆನೆಯುತ್ತದೆ ಎಂದು ನೀರಿಗೆ ಇಳಿಯಲಿಲ್ಲ. ಆ ದಿನಗಳಲ್ಲಿ ನಾನು ಕಡಲಿನಲ್ಲಿ ಮುಳುಗುತ್ತಿದ್ದೆ, ಹೊಲದಲ್ಲಿ ಕಳೆ ಕೀಳುತ್ತಿದ್ದೆ, ದಾರಿಯಲ್ಲಿ ಆ ಗೋರಿಯ ಹತ್ತಿರ ನಿಂತು ಬೈದು ಬರುತ್ತಿದ್ದೆ. ನಾನು ಅಳುವುದನ್ನು ನೀನು ನೋಡಿಲ್ಲ, ಅದಕ್ಕೆ ನನಗೇನೂ ಆಗಲಿಲ್ಲ ಎಂದುಕೊಂಡಿದ್ದೀಯ. ಕಡಲಿನೊಳಗೆ ಅತ್ತರೆ ಯಾರಿಗೆ ಕಾಣುತ್ತದೆ? ಮುಂದಕ್ಕೆ ಹೋಗೋಣ.

ಎರಡು ವರ್ಷ ತುಂಬಿ, ಸೂತಕ ಕಳೆಯುವ ದೊಡ್ಡ ತಿಥಿ. ಹಂದಿ ಬೇಯಿಸಿದ್ದೆವು, ಹುರುಳಿಹಿಟ್ಟಿನ ರೊಟ್ಟಿ ಸುಟ್ಟಿದ್ದೆವು, ಅಂಗಳದ ತುಂಬ ಜನ. ಎಲ್ಲರೂ ಅಡ್ಡಬಿದ್ದು ಏಳುವಾಗ ಬಾಗಿಲಲ್ಲಿ ಅವನು ನಿಂತಿದ್ದ. ಬಂದರಿನಲ್ಲಿ ಬಸ್ಸಿನ ಕಂಡಕ್ಟರು ಅವನನ್ನು ಗುರುತು ಹಿಡಿದು, ಹೆದರಿ, ಆಮೇಲೆ ಮುಟ್ಟಿ ನೋಡಿ, "ಓಡಪ್ಪಾ ಗಿತೆಕ್, ಇವತ್ತು ನಿನ್ನದೇ ತಿಥಿ, ಊಟ ಬಡಿಸಿರ್ತಾರೆ" ಎಂದು ಟಿಕೆಟ್ ಇಲ್ಲದೆ ಹತ್ತಿಸಿಕೊಂಡು ಬಂದಿದ್ದನಂತೆ. ಅತ್ತೆ ಬಿದ್ದುಬಿಟ್ಟರು. ಗಂಡಸರು ಗೋಡೆ ಹಾರಿದರು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ತನ್ನ ಫೋಟೋದ ಮುಂದಿಟ್ಟಿದ್ದ ಗ್ಲಾಸನ್ನು ಎತ್ತಿ ಕುಡಿದು, "ಫೋಟೋ ಚೆನ್ನಾಗಿ ಬಂದಿದೆ" ಎಂದ.

ಊರು ಇವತ್ತಿಗೂ ನಗುವುದು ಈ ಮಾತಿಗೆ. ನಾನು ನಗಲಿಲ್ಲ. ಕೈಯಲ್ಲಿದ್ದ ಹಂದಿಯ ಕಾಲನ್ನು ತೆಗೆದು ಅವನ ಬೆನ್ನಿಗೆ ಬಾರಿಸಿದೆ. ಅದನ್ನೂ ಸೇರಿಸಿ ನಗುತ್ತಾರೆ.

ಎಲ್ಲಿದ್ದ ಎಂಬುದು ನಿನಗೆ ಆಮೇಲೆ ತಿಳಿಯಿತು, ತಿಳಿದದ್ದಕ್ಕೇ ನೀನು ಕಲ್ಲಾದೆ. ಜಪಾನಿನ ಮೀನುದೋಣಿಯವರು ಅವನನ್ನು ನೀರಿನಿಂದ ಎತ್ತಿದರು. ಸುಮ್ಮನೆ ಅವರ ಪೊಲೀಸರ ಹತ್ತಿರ ಹೋಗಿದ್ದರೆ ತಿಂಗಳೊಳಗೆ ತಿರುಗಿ ಕಳಿಸುತ್ತಿದ್ದರು. ಅವನು ದಡ ಹತ್ತಿರ ಬಂದಾಗ ನೀರಿಗೆ ಹಾರಿ ತಪ್ಪಿಸಿಕೊಂಡು ಒಸಾಕಾಕ್ಕೆ ಹೋದ. ಅಲ್ಲಿ ನಮ್ಮ ದ್ವೀಪದವರ ಕೇರಿಯಲ್ಲಿ ಅಡಗಿಕೊಂಡು ರಬ್ಬರ್ ಚಪ್ಪಲಿಯ ಕಾರ್ಖಾನೆಯಲ್ಲಿ ದುಡಿದ. ಯಾಕೆ? ದೋಣಿಗೆ ಒಂದು ಇಂಜಿನ್ ಕೊಳ್ಳಬೇಕಿತ್ತಂತೆ. ಅದು ಊರಿಗೆ ಹೇಳಿದ್ದು. ನನಗೆ ಹೇಳಿದ್ದು ಬೇರೆ: "ಅಷ್ಟು ದೂರ ಹೋಗಿದ್ನಲ್ಲೇ, ಹೇಗಿದೆ ಅಂತ ಒಂದ್ಸಲ ನೋಡ್ಬೇಕನ್ನಿಸ್ತು." ಕಾಗದ ಯಾಕೆ ಹಾಕಲಿಲ್ಲ ಎಂದು ಕೇಳಿದೆ. ಕಳ್ಳದಾರಿಯಲ್ಲಿ ಹೋದವನ ಕಾಗದ ಒಸಾಕಾದಿಂದ ಬಂದರೆ ಅಂಚೆಯವನಿಗಿಂತ ಮೊದಲು ಪೊಲೀಸರು ಮನೆಗೆ ಬರುತ್ತಿದ್ದ ಕಾಲ ಅದು, ಅದು ನಿಜ. ಯಾರೋ ಹೆಂಗಸಿನ ಬಾಯಲ್ಲಿ ಸುದ್ದಿ ಕಳಿಸಿದನಂತೆ, ಅವಳು ದಾರಿಯಲ್ಲೇ ಸಿಕ್ಕಿಬಿದ್ದಳಂತೆ, ಅದೂ ನಿಜವೇ ಇರಬಹುದು. ಕೊನೆಗೆ ಅವನನ್ನೂ ಹಿಡಿದು ಹಡಗು ಹತ್ತಿಸಿದರು. ಅವನಾಗಿ ಬರಲಿಲ್ಲ, ಇನ್‌ಸುಕ್. ಅವನನ್ನು ಕಳಿಸಿದರು. ಇದನ್ನು ನಾನು ಯಾವತ್ತೂ ಮರೆತಿಲ್ಲ. ನೀನು ಒಬ್ಬಳೇ ನೆನಪಿಟ್ಟುಕೊಂಡಿದ್ದೀಯ ಎಂದು ತಿಳಿದಿದ್ದೀಯ.

ಅವನು ನಿನಗೆ ಒಂದು ತಗಡಿನ ಡಬ್ಬಿ ತುಂಬ ಬಣ್ಣದ ಪೆಪ್ಪರಮಿಂಟು ತಂದಿದ್ದ. ಬೂಸಾನಿನಲ್ಲಿ ಅವನನ್ನು ಕೂರಿಸಿಕೊಂಡು ವಾರಗಟ್ಟಲೆ ವಿಚಾರಣೆ ಮಾಡಿದವರು ಬೇರೆಲ್ಲ ಕಿತ್ತುಕೊಂಡರೂ ಡಬ್ಬಿಯನ್ನು ಬಿಟ್ಟಿದ್ದರು. ನೀನು ಮುಟ್ಟಲಿಲ್ಲ. "ಇವ್ರು ಯಾರೋ. ನಮ್ಮಪ್ಪ ಸತ್ತೋಗಿದಾರೆ" ಎಂದೆ. ಸೂತಕ ಕಳೆಯಿತು, ಲಂಗ ಬಿಚ್ಚು ಎಂದರೆ ಬಿಚ್ಚಲಿಲ್ಲ. ಬದುಕಿರುವ ಅಪ್ಪನ ಎದುರಿಗೆ ಸತ್ತ ಅಪ್ಪನ ಸೆಣಬು ಉಟ್ಟುಕೊಂಡು ಓಡಾಡಿದೆ. ಶಾಲೆಗೂ ಅದರಲ್ಲೇ ಹೋದೆ. ಊರವರು ಅದಕ್ಕೂ ನಕ್ಕರು. ಅವನು ಮಾತ್ರ ಆ ಒಂದು ವಿಷಯಕ್ಕೆ ನಗಲಿಲ್ಲ, ಅದನ್ನು ನಾನು ನೋಡಿದ್ದೇನೆ. ಒಂದು ದಿನ ನೀನು ಸ್ನಾನಕ್ಕೆ ಹೋದಾಗ ಲಂಗವೂ ಪಿನ್ನೂ ಕಾಣೆಯಾದವು. "ಸುಟ್ಟೆ" ಎಂದ. ನೀನು ಅವನ ಕೈ ಕಚ್ಚಿದೆ. ಆ ಗುರುತು ಕೊನೆಯವರೆಗೂ ಹೆಬ್ಬೆರಳ ಬುಡದಲ್ಲಿತ್ತು. ಆಸ್ಪತ್ರೆಯಲ್ಲಿ ನರ್ಸ್ ಕೇಳಿದಾಗ, "ದಕ್ಷಿಣ ಸಮುದ್ರದಲ್ಲಿ ದೊಡ್ಡ ಮೀನು ಕಚ್ಚಿದ್ದಮ್ಮಾ" ಎಂದ. ನೀನು ಪಕ್ಕದಲ್ಲೇ ನಿಂತು ಸೇಬು ಹೆಚ್ಚುತ್ತಿದ್ದೆ, ತಲೆ ಎತ್ತಲಿಲ್ಲ.

ಇನ್ನು ಗೋರಿಯ ಮಾತು. ಬಂದ ವಾರದಲ್ಲೇ, "ನನ್ನ ಹೊಸ ಕೋಟು ಎಲ್ಲಿ?" ಎಂದು ಕೇಳಿದ. "ನಿನ್ನ ಗೋರೀಲಿ" ಎಂದೆ. "ಅಯ್ಯೋ, ಎರಡೇ ಸಲ ಹಾಕಿದ್ದು ಕಣೇ!" ಎಂದು ಗುದ್ದಲಿ ಹಿಡಿದು ಹೋಗಿ, ತನ್ನ ಗೋರಿಯನ್ನು ತಾನೇ ಅಗೆದು, ಕೋಟು ತಂದು, ಕೊಡವಿ ಒಣಗಿಸಿ, ಎಷ್ಟೋ ಚಳಿಗಾಲ ಹಾಕಿಕೊಂಡ. ಬದುಕಿರುವವನ ಗೋರಿ ಅಪಶಕುನ, ಸಮ ಮಾಡಿಬಿಡು ಎಂದು ಹಿರಿಯರೆಲ್ಲ ಹೇಳಿದರು. ಅವನು ಕೇಳಲಿಲ್ಲ. ಕೆಲವು ವಾರ ಹಾಗೇ ಬಿಟ್ಟು, ಆಮೇಲೆ ದಿಬ್ಬವನ್ನು ಮೊದಲಿನಂತೆಯೇ ಕಟ್ಟಿ, "ಇರ್ಲಿ ಬಿಡ್ರೋ, ಮನೆ ಕಟ್ಟಾಗಿದೆ, ಕೆಡವ್ತಾರಾ?" ಎಂದ. ಆವತ್ತಿನಿಂದ ಪ್ರತಿ ವರ್ಷ ಎಂಟನೆಯ ತಿಂಗಳ ಮೊದಲ ದಿನ, ಮನೆತನದವರೆಲ್ಲ ಹಿರಿಯರ ಗೋರಿಗಳ ಹುಲ್ಲು ಕೊಯ್ಯಲು ಸೇರಿದಾಗ, ಅವನು ಎಲ್ಲರ ಜೊತೆ ದುಡಿದು, ಕೊನೆಗೆ ಒಬ್ಬನೇ ಕುಡುಗೋಲು ಹಿಡಿದು ಆ ಕಂಡಿಯಲ್ಲಿ ನುಗ್ಗಿ ತನ್ನ ಗೋರಿಯ ಹುಲ್ಲು ಕೊಯ್ಯುತ್ತಿದ್ದ. ಯಾರನ್ನೂ ಮುಟ್ಟಲು ಬಿಡುತ್ತಿರಲಿಲ್ಲ. "ನನ್ನ ತಲೆಗೂದಲು ನಾನೇ ಕತ್ತರಿಸ್ಕೋತೀನಿ" ಎನ್ನುತ್ತಿದ್ದ. ಆಮೇಲೆ ಕಲ್ಲಿಗೊಂದು ಗ್ಲಾಸು ಸುರಿದು, ತನಗೊಂದು ಸುರಿದುಕೊಂಡು, ಗೋಡೆಗೆ ಒರಗಿ ಬಹಳ ಹೊತ್ತು ಕೂರುತ್ತಿದ್ದ. ಪಟ್ಟಣದಿಂದ ಜನ ಕ್ಯಾಮೆರಾ ಹಿಡಿದು ಬಂದರು. ಸ್ಕ್ವಿಡ್ ಹಡಗಿನಲ್ಲಿದ್ದ ವರ್ಷಗಳಲ್ಲಿ ಮಾತ್ರ ನನಗೆ ಬಿಟ್ಟು ಹೋಗಿದ್ದ. "ಬೇರು ಕೀಳ್ಬೇಡ, ಮೇಲೆ ಮೇಲೆ ಕೊಯ್ಯಿ" ಎಂದು ಹೇಳಿ ಹೇಳಿ ಹೋಗಿದ್ದ. ಮನೆಯ ಅಂಗಳದ ಕಸ ಒಂದು ದಿನವೂ ಗುಡಿಸದವನು!

ಈಗ ತೆಸು ಏನು ಹೇಳುತ್ತಾನೆ ಕೇಳು. ಚಿಕ್ಕಪ್ಪ ಬೂಸಾನಿನಲ್ಲಿದ್ದಾರೆ, ಇಲ್ಲಿ ಬರೀ ಮಣ್ಣು, ಈ ಸಲ ಹುಲ್ಲು ಕೊಯ್ಯುವ ದಿನ ದಿಬ್ಬ ಸಮ ಮಾಡಿ, ಕಲ್ಲು ತೆಗೆದು, ಕಿತ್ತಳೆ ಗಿಡ ಹಾಕೋಣ ಎನ್ನುತ್ತಾನೆ. "ಖಾಲಿ ಗೋರಿಗೆ ಯಾಕೆ ಚಿಕ್ಕಮ್ಮಾ ಜಾಗ?" ಎನ್ನುತ್ತಾನೆ. ಅವನು ಹೇಳುವುದರಲ್ಲಿ ತಪ್ಪಿಲ್ಲ, ಅದಕ್ಕೇ ಅವನಿಗೆ ಜೋರಾಗಿ ಬೈದೆ. ಒಂದನೇ ತಾರೀಖಿನೊಳಗೆ ಇನ್‌ಸುಕ್ ಅಪ್ಪನನ್ನು ತರುತ್ತಾಳೆ, ನೀನು ಗುಂಡಿ ತೆಗೆದು ಸಿದ್ಧ ಮಾಡು ಎಂದಿದ್ದೇನೆ. ನಿನ್ನನ್ನು ಕೇಳದೆ ಮಾತು ಕೊಟ್ಟಿದ್ದೇನೆ. ಬೈಯುವುದಿದ್ದರೆ ಬಂದು ಎದುರಿಗೆ ಬೈಯಿ.

ನನಗಾಗಿ ಕೇಳುತ್ತಿಲ್ಲ. ಆ ಗೋಡೆಯೊಳಗೆ ದಿಬ್ಬದ ಪಕ್ಕದಲ್ಲಿ ಇನ್ನೊಬ್ಬರಿಗಾಗುವಷ್ಟು ಜಾಗ ಇದೆ ಎಂಬುದು ಬೇರೆ ಮಾತು, ಅದನ್ನು ಇಲ್ಲಿ ತರುವುದಿಲ್ಲ. ಆ ಗಾಜಿನ ಗೂಡಿನ ಪಕ್ಕದಲ್ಲಿ ನನಗೂ ಒಂದು ಗೂಡು ಹೇಳಿಟ್ಟಿದ್ದೀಯಂತೆ. ಅದನ್ನು ಆ ನಾಯಿಮರಿಗೆ ಕೊಡು.

ನಿನ್ನ ಸಿಟ್ಟು ನ್ಯಾಯವಾದದ್ದು. ಅದನ್ನು ಬಿಡು ಎಂದು ನಾನು ಹೇಳುವುದಿಲ್ಲ, ನಾನೇ ಬಿಟ್ಟಿಲ್ಲ. ಆದರೆ ಸಿಟ್ಟು ಮಾಡಲಿಕ್ಕಾದರೂ ಅವನು ಹತ್ತಿರ ಇರಬೇಕು. ಬಯಲಲ್ಲಿ, ಗಾಳಿಯಲ್ಲಿ, ಹೋಗುತ್ತ ಬರುತ್ತ ಬೈಯುವಂತಿರಬೇಕು. ಆ ಪಿಟೀಲಿನ ಸದ್ದಿನಲ್ಲಿ ಬೈಯಲು ಬಾಯಿ ಬರುವುದಿಲ್ಲ. ನೀನು ಭಾನುವಾರ ಭಾನುವಾರ ಹೋಗಿ ಅಲ್ಲಿ ಸುಮ್ಮನೆ ನಿಂತು ಬರುತ್ತೀಯಂತೆ. ಅಷ್ಟು ವರ್ಷ ಅವನ ಎದುರಿಗೆ ನಿಂತದ್ದೂ ಹಾಗೆಯೇ. ಇನ್ನೂ ಎಷ್ಟು ನಿಲ್ಲುತ್ತೀಯ?

ಬರುವಾಗ ಮಂಡಿ ನೋವಿನ ಪಟ್ಟಿ ತಾ. ಸೂಟು ಬೂಟು ಹಾಕಿಕೊಂಡು ಬರಬೇಡ, ಹೊಲದಲ್ಲಿ ಕೆಸರಿದೆ. ಈಗ ಆಶೀರ್ವಾದ: ಹೊಟ್ಟೆ ತುಂಬ ಉಣ್ಣು, ಚೆನ್ನಾಗಿ ನಿದ್ದೆ ಮಾಡು, ನನಗಿಂತ ಹೆಚ್ಚು ಕಾಲ ಬಾಳು.

ಇನ್ನೂ ಸಿಟ್ಟು ಇಳಿಯದ ನಿನ್ನ ಅಮ್ಮ,
ಗೊ ಸುನ್‌ಸೆಂಗ್

ಮರೆತದ್ದಲ್ಲ, ಆಮೇಲೆ ಆದದ್ದು:

ಪತ್ರ ಅಂಟಿಸಿಟ್ಟಿದ್ದೆ. ಒಡೆದು ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ತೆಸು ಗುಂಡಿ ತೆಗೆಯಲು ಬಂದ. ಅಗೆಯುವುದನ್ನು ನೋಡಲು ನಾನೂ ಹೋಗಿ ಗೋಡೆಯ ಮೇಲೆ ಕೂತೆ. ಸೊಂಟದಷ್ಟು ಆಳಕ್ಕೆ ಹೋದಾಗ ಗುದ್ದಲಿ ತಗಡಿಗೆ ತಾಗಿತು. "ಚಿಕ್ಕಮ್ಮಾ, ಖಾಲಿ ಅಂದ್ಕೊಂಡಿದ್ವಿ, ಇದೇನು?" ಎಂದ.

ನಿನ್ನ ಪೆಪ್ಪರಮಿಂಟಿನ ಡಬ್ಬಿ. ಮುಚ್ಚಳದ ಸುತ್ತ ದೋಣಿಗೆ ಬಳಿಯುವ ಡಾಂಬರು ಮೆತ್ತಿದ್ದಾನೆ, ಒಂದು ತೊಟ್ಟು ನೀರು ಹೋಗದ ಹಾಗೆ. ಅವನು ಮಾಡಿದ ಯಾವ ದೋಣಿಗೂ ಅಷ್ಟು ಚೆನ್ನಾಗಿ ಬಳಿದದ್ದು ನಾನು ನೋಡಿಲ್ಲ. ಒಳಗೆ ನಿನ್ನ ಸೆಣಬಿನ ಲಂಗ, ನಾಲ್ಕಾಗಿ ಮಡಿಸಿದ್ದು. ಅದರ ಮೇಲೆ ಬಿಳಿ ಪಿನ್ನು. ಅಡಿಯಲ್ಲಿ ಪೆಪ್ಪರಮಿಂಟುಗಳೆಲ್ಲ ಅಂಟಿಕೊಂಡು ಬಣ್ಣದ ಕಲ್ಲಾಗಿವೆ. ಒಂದನ್ನೂ ತಿಂದಿಲ್ಲ. ಸಿಹಿ ಕಂಡರೆ ಮಗುವಿನ ಕೈಯಿಂದಲೂ ಕಿತ್ತು ತಿನ್ನುವವನು.

ಸುಟ್ಟೆ ಎಂದಿದ್ದ. ಸುಳ್ಳುಗಾರ. ಊರೆಲ್ಲ ನಕ್ಕಿತು, ನಾನೂ ನಕ್ಕೆ, ತನ್ನ ಗೋರಿಯ ಹುಲ್ಲು ತಾನೇ ಕೊಯ್ಯುವ ಹುಚ್ಚ ಎಂದು. ಅಲ್ಲಿದ್ದದ್ದು ಅವನಲ್ಲ.

ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು ಮಣ್ಣು ಮುಚ್ಚಿಸಿದ್ದೇನೆ. ನೀನು ಬರುವವರೆಗೆ ಒಂದು ಹಿಡಿ ಮಣ್ಣು ಅಲುಗಿದರೆ ಕೈ ಮುರಿಯುತ್ತೇನೆ ಎಂದು ತೆಸುಗೆ ಹೇಳಿದ್ದೇನೆ. ಅವನನ್ನು ಕರೆದುಕೊಂಡು ಬಾ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕುವುದಿಲ್ಲ, ಆದರೆ ಇನ್ನು ಹಟ ಮಾಡುವುದಿಲ್ಲ. ಆ ಜಾಗ ನಿನ್ನದು. ಅಲ್ಲಿ ಯಾರು ಮಲಗಬೇಕು ಎಂದು ನೀನೇ ಹೇಳು.

ಹುಲ್ಲು ಸೊಂಟದವರೆಗೆ ಬಂದಿದೆ. ಅವನ ಕುಡುಗೋಲನ್ನು ಮಸೆದಿಟ್ಟಿದ್ದೇನೆ. ಬೇರು ಕೀಳಬೇಡ, ಮೇಲೆ ಮೇಲೆ ಕೊಯ್ಯಿ.